ನಂಗಿನ ಕಣ್ಣು

ಬಂದರಿನ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು ನಾನು,
ಯಾವ ಬೋಟಿಗೆ ಎಷ್ಟು ಬ್ಲಾಕು, ಯಾರ ಬಾಕಿ ಎಷ್ಟು.
ರಸೀದಿಯ ಬೆನ್ನಿಗೆ ಹನ್ನೊಂದು ವರ್ಷ
ಮೀನಿನ ಹೆಸರು ಬರೆದೆ:
ತುಳುವಿನಲ್ಲಿ ಹೀಗೆ, ಬ್ಯಾರಿಯಲ್ಲಿ ಹಾಗೆ,
ನಮ್ಮ ಮನೆಯ ಕೊಂಕಣಿಯಲ್ಲಿ ಬೇರೆಯೇ.
ಮದುಮಗಳ ಹೆಸರಿನದೊಂದು ಉಂಟು, ಮದ್ಮಲ್,
ಸತ್ತ ಮೇಲೂ ನಾಚಿಕೆ ಹೋಗುವುದಿಲ್ಲ ಅದಕ್ಕೆ.

ಕಾಲೇಜಿನ ಮೇಷ್ಟ್ರೊಬ್ಬರು ಪುಟ ತಿರುವಿ ಕೇಳಿದರು,
"ಆಕರ ಯಾವುದು?"
ಡಕ್ಕೆಯ ಕಡೆ ಕೈ ತೋರಿಸಿದೆ.
ಅವರು ಬರೆದುಕೊಂಡರು: ಆಕರವಿಲ್ಲ.

ಸರಿ, ನಾನೇ ಮಾಡುತ್ತೇನೆ.
ಗಟ್ಟಿಯಾಗಿ ಹೇಳಲಿಲ್ಲ. ಚಾ ತಣ್ಣಗಾಯಿತು, ಅಷ್ಟೆ.

ಚಿತ್ರಕ್ಕೆ ಅಚ್ಚು ಬೇಕಲ್ಲ:
ಸವೆದ ಹವಾಯಿ ಚಪ್ಪಲಿಯಲ್ಲಿ ಬ್ಲೇಡು ಹಿಡಿದು ಕೆತ್ತಿದೆ,
ಹಿಮ್ಮಡಿ ಊರಿದಲ್ಲಿ ತೊರಕೆ,
ಹೆಬ್ಬೆರಳಿನ ಗುಳಿಯಲ್ಲಿ ಬೂತಾಯಿ.
ಬರಹ ಹಂಪನಕಟ್ಟೆಯ ಜೆರಾಕ್ಸು, ಒಂದೇ ಬದಿ,
ಕಾಗದ ಅತಿ ಅಗ್ಗದ್ದು, ಈರುಳ್ಳಿ ಸಿಪ್ಪೆಯ ಹಾಗೆ.
ಹೊಲಿಗೆ ಬಲೆಯ ನೂಲಿನದು, ಗಂಟೂ ಬಲೆಯದೇ,
ಬೋಟಿನ ಮೋನಾಕ ಕಲಿಸಿದ್ದು.
"ನೀವೇ ಮಾಡಿದ್ದಾ?" ಎಂದು ಕೇಳುತ್ತಾರೆ.
'ನೀವು' ಒಬ್ಬರಿಗೂ ಸಲ್ಲುತ್ತದೆ, ಹತ್ತು ಮಂದಿಗೂ.
ಹೌದು ಎಂದುಬಿಡುತ್ತೇನೆ.

ಎಪ್ಪತ್ತು ಪ್ರತಿ. ಮೊದಲನೆಯದನ್ನು
ವಾರಿಜ ಪುತ್ರನ್ ಬುಟ್ಟಿಯ ಮೇಲಿಟ್ಟು ನೋಡಿದಳು.
ಅಕ್ಷರ ಬರುವುದಿಲ್ಲ ಅವಳಿಗೆ, ಮೀನು ಓದುತ್ತಾಳೆ.
"ಎಂಥ ಮಾರಾಯ್ತಿ, ನಂಗಿನ ಮುಖ ಬಲಕ್ಕೆ ಮಾಡಿದ್ದೀ?
ಹೊಟ್ಟೆ ನಿನ್ನ ಕಡೆಗಿಟ್ಟರೆ ಅದು ಎಡಕ್ಕೇ ನೋಡಬೇಕು,
ಎರಡು ಕಣ್ಣೂ ಎಡಮೈಯಲ್ಲಿ.
ನಲವತ್ತು ವರ್ಷ ಅದರ ಚರ್ಮ ಸುಲಿದವಳು ನಾನು."

ಮುಖಪುಟದ ಅಕ್ಷರ ತಿರುಗಿಸಿ ಕೆತ್ತಬೇಕೆಂದು ಗೊತ್ತಿತ್ತು,
ಮೀನನ್ನೂ ತಿರುಗಿಸಬೇಕೆಂದು ಹೊಳೆಯಲೇ ಇಲ್ಲ.
ಬಂಗುಡೆ ಎತ್ತ ನೋಡಿದರೂ ನಡೆಯುತ್ತದೆ,
ಇದೊಂದಕ್ಕೆ ಹಟ.
ಪ್ರೆಸ್ಸಿನವನೊಬ್ಬ ಇದ್ದಿದ್ದರೆ ಅವನನ್ನು ಬೈಯಬಹುದಿತ್ತು.
ಆ ದಿನ ಬೈಯಲಿಕ್ಕೆ ಯಾರೂ ಸಿಗಲಿಲ್ಲ.

ವಾರಿಜಕ್ಕ ಹಾಳೆ ಎತ್ತಿ ಬಿಸಿಲಿಗೆ ಹಿಡಿದಳು,
ಹಿಂದಿನಿಂದ ಇಣುಕಿ ನಕ್ಕಳು:
"ಇಲ್ಲಿ ಸರಿ ಉಂಟು ನೋಡು."
ಕಾಗದದ ಬಡತನದೊಳಗೆ ಈಜಿ
ನಂಗು ಎಡಕ್ಕೆ ತಿರುಗಿತ್ತು.

ಎಪ್ಪತ್ತರಲ್ಲೂ ಚಿತ್ರದ ಕೆಳಗೆ ಕೈಯಾರೆ ಬರೆದೆ:
ತಪ್ಪು ನನ್ನದು. ಹಾಳೆಯನ್ನು ಬೆಳಕಿಗೆ ಹಿಡಿದು
ಹಿಂದಿನಿಂದ ನೋಡಿ.
ಮೂವತ್ತರ ಹೊತ್ತಿಗೆ ಅಕ್ಷರ ಸೋತು ಮಲಗಿತು.
ಐವತ್ತೆರಡರ ಮೇಲೆ ಐಸಿನ ನೀರು ತೊಟ್ಟಿಕ್ಕಿ
'ತಪ್ಪು' ಅಳಿಸಿಹೋಯಿತು,
'ನನ್ನದು' ಉಳಿಯಿತು.

ಮೇಷ್ಟ್ರು ಮತ್ತೆ ಬಂದಾಗ ಆ ಪ್ರತಿಯನ್ನೇ ಕೊಟ್ಟೆ.
ಅರುವತ್ತು ರೂಪಾಯಿ.
ನೂರರ ನೋಟಿಗೆ ಚಿಲ್ಲರೆ ಎಣಿಸಿಕೊಟ್ಟೆ.