ಓ, ಎ, ಸಿ

ಕಪ್ಪು ಪರದೆ, ಹಸಿರು ಅಕ್ಷರ.
ಚಿತ್ರಕ್ಕೆ ಇಲ್ಲಿ ಜಾಗವಿಲ್ಲ, ಓತಿಯಾ.
ಮೇಲೆ ಹಿಮನದಿಯ ಪಕ್ಕದ ತಗಡಿನ ಗುಡಿಸಲಿನಿಂದ
ನೀನು ದಿನಕ್ಕೊಂದರಂತೆ ಕಳಿಸುವ ಫೋಟೊ
ನನಗೆ ಕಾಣುವುದು ಒಂದು ಸಾಲಾಗಿ:
ಎರಡನೇ ಲಗತ್ತು, ಒಂದು ಡಾಟ್ ಜೆಪಿಜಿ, ನಲವತ್ತೊಂದು ಕೆ.
ಅಷ್ಟೆ.

ವಿ ಒತ್ತಿದರೆ ಲಗತ್ತುಗಳ ಪಟ್ಟಿ.
ಬಾಣದ ಗುಂಡಿಯಲ್ಲಿ ಒಂದು ಮೆಟ್ಟಿಲು ಇಳಿದು
ಎಸ್ ಒತ್ತಿದರೆ ಉಳಿಸು.
ಯಾವ ಹೆಸರಲ್ಲಿ? ಬಂದ ಹೆಸರಲ್ಲೇ. ಎಂಟರ್.
ಆಗ ತಳದಲ್ಲೊಂದು ಪ್ರಶ್ನೆ ಮಿನುಗುತ್ತದೆ:
ಈ ಹೆಸರಿನ ಕಡತ ಆಗಲೇ ಇದೆ.
ಓ ಅಂದರೆ ಅದರ ಮೇಲೇ ಬರೆ,
ಎ ಅಂದರೆ ಬಾಲಕ್ಕೆ ಅಂಟಿಸು,
ಸಿ ಅಂದರೆ ಬಿಟ್ಟುಬಿಡು.

ಯಾರೋ ಬಾಗಿಲಾಚೆ ಕೂಗಿದ ಹಾಗೆ
ಪ್ರತಿ ಬೆಳಿಗ್ಗೆ ನಾನು ಓ ಅಂದೆ.
ಒಲೆಯ ಮೇಲೆ ಚಹಾ.
ಕಿಟಕಿಯಾಚೆ ಗಡಿ ತೆರೆಯಲೆಂದು ಕಾದು ನಿಂತ
ಲಾರಿಗಳ ಸಾಲು, ಸ್ತೆಪಾಂತ್ಸ್ಮಿಂಡಾ ದಾಟಿ, ತೆರ್ಗಿ ನದಿಯ ಗುಂಟ.
ಓ. ನಿನ್ನ ಡಿಸೆಂಬರ್.
ಓ. ನಿನ್ನ ಜನವರಿ.
ಕರೆದವರಿಗೆ ಓಗೊಡುವುದು ಮರ್ಯಾದೆ ತಾನೆ?

ಏಪ್ರಿಲ್‌ನಲ್ಲಿ ತ್ಬಿಲಿಸಿಯಿಂದ ಬೋರೆನಾ ಕೇಳಿದಳು,
ಚಳಿಗಾಲದ ನೂರ ಹದಿನಾಲ್ಕೂ ಫೋಟೊ ಕಳಿಸು.
ಕಡತಗಳ ಪಟ್ಟಿ ತೆಗೆದೆ.
ಒಂದು ಇತ್ತು.
ನೂರ ಹದಿಮೂರು ದಿನಗಳ ಹೆಗಲ ಮೇಲೆ ನಿಂತಿತ್ತು,
ಕೆಳಗೆ ಯಾರೂ ಇರಲಿಲ್ಲ.

ಲೈನು ಕೆಟ್ಟಿದೆ ಅಂದೆ.
ಈ ಊರಿನಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ಆದರೆ ಈ ಹಳೆಯ ಪ್ರೋಗ್ರಾಮು ಇದೆಯಲ್ಲ, ಜಿಪುಣ ಮುದುಕಿ,
ಹೇಳದೆ ಒಂದು ದಾರವನ್ನೂ ಎಸೆಯುವವಳಲ್ಲ.
ಉಳಿಸುವಾಗ ನಾನು ಕಳೆದದ್ದು ನಕಲು ಮಾತ್ರ;
ಡಿ ಒತ್ತದ ಪತ್ರಗಳೆಲ್ಲ
ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿದ್ದವು, ಹೊಟ್ಟೆಯಲ್ಲಿ ಲಗತ್ತು ಇಟ್ಟುಕೊಂಡು.
ಆ ರಾತ್ರಿ ವಿ, ಕೆಳಗೆ, ಎಸ್,
ಬಂದ ಹೆಸರು ಅಳಿಸಿ ತಾರೀಖು,
ವಿ, ಕೆಳಗೆ, ಎಸ್.
ಅರವತ್ತನೆಯದಕ್ಕೆ ಮಣಿಕಟ್ಟು ಹಿಡಿದುಕೊಂಡಿತು.
ಎಂಬತ್ತಾದ ಮೇಲೆ ಎಣಿಸಲಿಲ್ಲ.

ಬೆಳಗಾಗುತ್ತಲೇ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಸುರಿದು
ಬೇಕರಿ ಗೋದೆರ್ದಿಯ ಕಂಪ್ಯೂಟರಿನಲ್ಲಿ ತೆರೆದೆ.
ಹಿಟ್ಟಿನ ಬೆರಳಚ್ಚು ಮೆತ್ತಿದ ಪರದೆಯ ಮೇಲೆ
ಮೊದಲ ಸಲ ನೋಡಿದೆ, ನಿನ್ನ ಹಿಮ.

ಜನವರಿ ಒಂಬತ್ತರ ಗಾಳಿಗೆ ಅಳತೆಕೋಲಿನ ಅಂಕಿಗಳು ಉಜ್ಜಿಹೋದವಂತೆ.
ಪತ್ರದಲ್ಲಿ ಬರೆದಿದ್ದೆ. ನಾನು ಓದಿರಲಿಲ್ಲ,
ನೇರ ಲಗತ್ತಿಗೆ ಇಳಿದುಬಿಡುತ್ತಿದ್ದೆ.
ಅಂದಿನಿಂದ ಆ ಬೋಳು ಕೋಲಿಗೆ ಅಳತೆಯಾಗಿ
ಕೈಗೆ ಸಿಕ್ಕಿದ್ದನ್ನೆಲ್ಲ ಒರಗಿಸಿದ್ದೀಯ:
ಸೌಟು. ಎಡಗೈಯ ಗವುಸು.
ಅರ್ಧ ತಿಂದ ಶೋತಿ ರೊಟ್ಟಿ.
ಒಂದು ದಿನ ನಿನ್ನದೇ ಮೊಣಕಾಲು, ಒದ್ದೆ.
ಫೆಬ್ರವರಿ ಪೂರ್ತಿ
ಕಿವಿ ಮುರಿದ ಒಂದು ನೀಲಿ ಬಟ್ಟಲು.

ನನ್ನ ಬಟ್ಟಲು!
ಅದಕ್ಕಾಗಿ ಗೋದೆರ್ದಿಯ ಹತ್ತಿರ ಎರಡು ವಾರ ಮಾತು ಬಿಟ್ಟಿದ್ದೆ.
ಅವನು ಪಕ್ಕದಲ್ಲೇ ನಿಂತಿದ್ದ, ಪರದೆಯನ್ನೇ ನೋಡುತ್ತ,
ಏನೂ ಅನ್ನಲಿಲ್ಲ,
ಬಿಸಿ ರೊಟ್ಟಿಯೊಂದನ್ನು ನನ್ನ ಕಡೆ ಸರಿಸಿ
ದುಡ್ಡು ತಗೊಂಡ.

ವರದಿಗೆ ಸೆಂಟಿಮೀಟರು ಬೇಕು.
ಹದಿನೇಳು ಬಟ್ಟಲು ಹಿಮ ಎಂದು ಸರ್ಕಾರಕ್ಕೆ ಬರೆಯಲಾದೀತೆ?
ಬಟ್ಟಲನ್ನು ಅಳೆದು ತಿಳಿಸು ಎಂದು ನಿನಗೆ ಬರೆದೆ.
ಸಂಜೆ ಉತ್ತರ ಬಂತು. ಈ ಸಲ ಪೂರ್ತಿ ಓದಿದೆ:
ಒಂಬತ್ತು. ಕಿವಿ ಮುರಿದದ್ದು ನಾನಲ್ಲ, ಎತೆರಿ.
ಕೆಳಗೆ, ಎರಡನೇ ಲಗತ್ತು, ಒಂದು ಡಾಟ್ ಜೆಪಿಜಿ.

ಎಸ್. ಎಂಟರ್.
ಈ ಹೆಸರಿನ ಕಡತ ಆಗಲೇ ಇದೆ.
ಬೆರಳು ತನ್ನ ಪಾಡಿಗೆ ಹೊರಟಿತ್ತು, ಹಿಡಿದುಕೊಂಡೆ.
ಬಾಯಲ್ಲಷ್ಟೇ ಓ ಅಂದೆ.