ಮಡಿಸಿದ ಮೊಣಕಾಲು

ಚರ್ಚಿನ ದಫ್ತರ ಸಾವಿರದ ಆರುನೂರ ತೊಂಬತ್ತಕ್ಕೆ ನಿಂತುಬಿಡುತ್ತದೆ.
ಇಲಿ ತಿಂದ ಅಂಚು, ಮೇಣದ ಕಲೆ,
ನಡುಗುವ ಕೈಯ ಪಾದ್ರಿಯೊಬ್ಬ ಬರೆದ ಒಂದು ಸಾಲು:
‘ರೂಡ್ವಿ, ಬೋಟರ್ವೆ ಮನೆಯ ಮಗಳು, ಕುಂಟಿ.’
ಅವಳ ಹಿಂದೆ, ಆ ಕಾಳಗದವರೆಗೆ,
ಮುನ್ನೂರು ಚಿಲ್ಲರೆ ವರ್ಷ ಬರೀ ಸುಣ್ಣಕಲ್ಲು.

ಅಪ್ಪನಿಗೆ ದಫ್ತರ ಬೇಕಿರಲಿಲ್ಲ.
ನೆಟ್ಟಗಾಗದ ಕಾಲಿಗೆ ಟಗರನ್ನು ಒರಗಿಸಿಕೊಂಡು
ಉಣ್ಣೆ ಕತ್ತರಿಸುತ್ತ ಹೇಳುತ್ತಿದ್ದ,
‘ನಾವು ಗೋಡೆಯ ಹೊರಗೆ ಸತ್ತವರು’,
ಹೋದ ವಾರದ ಮಾತಿನಂತೆ.

ಅಮ್ಮ ಗೋಡೆಯ ಒಳಗಿನವಳು.
ವಿಸ್ಬಿ ಪೇಟೆಯ ಜರ್ಮನ್ ವರ್ತಕರ ಮನೆತನ,
ತಾತನ ಉಂಗುರದಲ್ಲಿ ಮೂರು ಮೀನಿನ ಮುದ್ರೆ.
ಮೇಜಿನ ಮೇಲೆ ಉಪ್ಪಿನ ಬಟ್ಟಲು
ಇಬ್ಬರ ನಡುವೆ ಅಗುಳಿ ಹಾಕಿ ಕೂರುತ್ತಿತ್ತು.
‘ನಿಮ್ಮವರು ಬಾಗಿಲು ತೆಗೆಯಲಿಲ್ಲ.’
‘ತೆಗೆದಿದ್ದರೆ ನಾನು ಹುಟ್ಟುತ್ತಿರಲಿಲ್ಲ.
ಈ ಮೀನಿನ ಸಾರು ಯಾರು ಕಾಯಿಸುತ್ತಿದ್ದರು ನಿನಗೆ?’

ಜುಲೈ. ರೈ ಪೈರು ಇನ್ನೂ ಅರೆ ಹಸಿರು.
ಡೆನ್ಮಾರ್ಕಿನ ಹಡಗು ಬಂದವೆಂದು
ಗುಡ್ಡದಿಂದ ಗುಡ್ಡಕ್ಕೆ ಬೆಂಕಿ ಸುದ್ದಿ ದಾಟಿಸಿತು.
ಹಲ್ಲುದುರಿದವರು ಹೊರಟರು, ಮೀಸೆ ಮೊಳೆಯದವರು ಹೊರಟರು.
ಮುತ್ತಜ್ಜಂದಿರ ತುಕ್ಕು ಹಿಡಿದ ಬಳೆಯಂಗಿ
ಸಡಿಲಾದವರು ಹಗ್ಗ ಬಿಗಿದುಕೊಂಡರು.
ಎದುರಿಗಿದ್ದವರು ಕತ್ತಿಯ ಅನ್ನ ಉಂಡವರು.
ಇವರದು ಕುಡುಗೋಲಿನ ಕೈ,
ಕೊಯ್ದ ಮೇಲೆ ಕಟ್ಟಲು ಬಗ್ಗುವ ಕೈ.
ಬಗ್ಗಿದರು.

ಗೋಡೆಯ ಮೇಲೆ ಪೇಟೆಯವರು ಸಾಲಾಗಿ ನಿಂತು ನೋಡಿದರು.
ಆಮೇಲೆ ಬಾಗಿಲು ತೆರೆಯಿತು, ಗೆದ್ದವರಿಗೆ.
ಮೂರು ಪೀಪಾಯಿ ಬೆಳ್ಳಿ ಸುರಿದರೆಂದು ಅಪ್ಪನ ಲೆಕ್ಕ.
ಎರಡೇ, ಎಂದು ಅಮ್ಮನ ತಿದ್ದುಪಡಿ.
ಸೆಕೆಗೆ ಹೆಣಗಳು ಉಬ್ಬಿದವು,
ಅಂಗಿ ಕಳಚಲು ಯಾರಿಗೂ ಮೂಗು ಸಾಲದೆ
ಕಬ್ಬಿಣದ ಸಮೇತ ಗುಂಡಿಗೆ ತಳ್ಳಿದರು.

ಮ್ಯೂಸಿಯಮ್ಮಿನ ಗಾಜಿನ ಹಿಂದೆ ಒಂದು ಕಾಲು.
ತೊಡೆಯ ಮೂಳೆ, ಕಣಕಾಲ ಮೂಳೆ ಬೆಸೆದುಕೊಂಡು
ಕುರ್ಚಿಯಿಲ್ಲದೆ ಕೂತವನ ಹಾಗೆ ಮಡಿಸಿವೆ.
ಗಾಜಿನಲ್ಲಿ ನನ್ನ ಎಡಗಾಲೂ ಅಷ್ಟೇ ಮಡಿಸಿತ್ತು.
ಕೈಚೀಲ ಕೆಳಗಿಟ್ಟೆ. ‘ತಾತಾ’ ಅಂದೆ, ಮೆಲ್ಲಗೆ, ನಾಚಿಕೆಯಿಂದ.
ಉಸ್ತುವಾರಿಯ ಗುನ್ವರ್ ಕನ್ನಡಕ ಒರೆಸಿಕೊಂಡು ಹೇಳಿದಳು:
‘ಅದು ಚಿಕ್ಕಂದಿನ ಕಾಯಿಲೆ, ರಕ್ತದಲ್ಲಿ ಇಳಿಯುವುದಿಲ್ಲ.
ವಾರಕ್ಕೊಬ್ಬರು ಬಂದು ನಮ್ಮವನು ಅನ್ನುತ್ತಾರೆ.’

ಬಸ್ಸಿನಲ್ಲಿ ವಾಪಸು ಬರುವಾಗ
ಬೇರೊಂದು ಕಾಡತೊಡಗಿತು.
ಆ ಕಾಲಿನಿಂದ ಆತ ನಡೆದು ಬಂದಿರಲಾರ.
ಯಾರೋ ಎತ್ತಿ ಗಾಡಿಯಲ್ಲಿ ಕೂರಿಸಿರಬೇಕು,
ಯಾರೋ ಲಗಾಮು ಹಿಡಿದಿರಬೇಕು, ಇಳಿಸಿರಬೇಕು,
ಇಳಿಸುವಾಗ ಬಯ್ದಿರಬೇಕು.
ಮತ್ತೆ, ಕುದುರೆಯನ್ನು ತಿರುಗಿಸಿ
ಖಾಲಿ ಗಾಡಿಯಲ್ಲಿ ಮನೆಗೆ ಹೋಗಿರಬೇಕು.

ನಾವು ಸತ್ತವನ ಮಕ್ಕಳಲ್ಲ, ಅಪ್ಪಾ.
ಗಾಡಿ ತಿರುಗಿಸಿದವಳ ಮಕ್ಕಳು.

ಅಪ್ಪ ಕತ್ತರಿ ಆಡಿಸುವುದು ನಿಲ್ಲಿಸಿದ.
ಟಗರು ಅರ್ಧ ಬೋಳಾಗಿ ನಿಂತಿತ್ತು, ಬೇಸರದಿಂದ.
‘ಖಾಲಿ ಗಾಡಿಯೋ?’ ಎಂದ, ಬಹಳ ಹೊತ್ತಿನ ಮೇಲೆ.

ಅಡುಗೆಮನೆಯಿಂದ ಅಮ್ಮನ ದನಿ:
‘ಖಾಲಿ ಹೇಗಿರುತ್ತೆ? ಹೆರಿಂಗ್ ಮೀನಿನ ಕಾಲ ಹತ್ತಿರ ಬಂದಿತ್ತು.
ಬಾಗಿಲು ತೆರೆಯುವವರೆಗೆ ಕಾದು
ನಮ್ಮವರ ಅಂಗಡಿಯಲ್ಲಿ ಉಪ್ಪು ಕೊಂಡಿರುತ್ತಾಳೆ.’
ಚಮಚೆ ಪಾತ್ರೆಗೆ ಎರಡು ಸಲ ಬಡಿಯಿತು.
‘ದುಬಾರಿ ಬೆಲೆಗೇ ಕೊಟ್ಟಿರುತ್ತಾರೆ, ಪಾಪಿಗಳು.’