ನಲವತ್ತೊಂದನೇ ಬೆಂಚು

ಚಳ್ಳಕೆರೆಯಲ್ಲಿ ಅಕ್ಷರಕ್ಕೆ ಇಷ್ಟೆಂದು ಲೆಕ್ಕ ಹಾಕುವ
ಕೊನೆಯ ಪೇಂಟರ್ ನಾನೇ ಇರಬೇಕು.
ಫ್ಲೆಕ್ಸ್ ಬಂದಮೇಲೆ ಉಳಿದವರು ಆಟೋ ಹಿಡಿದರು,
ನನ್ನ ಕೈಯಲ್ಲಿ ಕುಂಚ ಉಳಿಯಿತು, ಸೊಂಟದಲ್ಲಿ ನೋವು.

ಎಣ್ಣೆ ಕಂಪನಿಯವರು ಕರೆಸಿದರು.
ಹೆಸರು ಇಲ್ಲಿ ಬೇಡ;
ನಲವತ್ತು ಸಲ ಬರೆದಿದ್ದೇನೆ, ಸಾಕು.
ಸರ್ಕಾರಿ ಶಾಲೆಗೆ ನಲವತ್ತು ಬೆಂಚು,
ಒಂದೊಂದರ ಬೆನ್ನಿಗೂ ಕೆಂಪು ಎನಾಮೆಲ್ಲಿನಲ್ಲಿ ಹೆಸರು,
ಅದರ ಕೆಳಗೆ 'ಸಾಮಾಜಿಕ ಹೊಣೆಗಾರಿಕೆ'.
ಹೆಸರು ಗೇಣುದ್ದ ಬಂದಮೇಲೆ
ಹೊಣೆಗೆ ಉಳಿದದ್ದು ಎರಡು ಬೆರಳು ಜಾಗ.
ಣಕಾರದ ಹೊಟ್ಟೆ ಅಮುಕಿ ಅಮುಕಿ ಕೂರಿಸಿದೆ.

ಸುಳ್ಳು ಹೇಳಲಾರೆ, ಗಟ್ಟಿ ಬೆಂಚು.
ಮೂರು ವರ್ಷ ಕಡಪ ಕಲ್ಲಿನ ಮೇಲೆ ಕೂತು
ಕಾಪಿ ಬರೆದ ನಮ್ಮ ಸಣ್ಣವಳು
ಮೊದಲ ದಿನ ಮನೆಗೆ ಬಂದು ಹೇಳಿದಳು:
"ಅಪ್ಪಾ, ಇವತ್ತು ನನ್ನ ಕಾಲು ಜೋಲಾಡ್ತಿದ್ವು."

ಅವಳ ಅವ್ವ ಗಾದ್ರಮ್ಮ
ಅದೇ ಕಂಪನಿಯ ಪ್ಯಾಕಿಂಗಿನಲ್ಲಿ ಒಂಬತ್ತು ವರ್ಷ.
ಬೆಳಿಗ್ಗೆ ಎಂಟಕ್ಕೆ ನಿಂತರೆ ಸಂಜೆ ಐದಕ್ಕೆ ಕದಲುವುದು.
ಕೂತರೆ ಕೈ ನಿಧಾನ ಆಗ್ತೈತೆ ಅಂತಾನಂತೆ ಸೂಪರ್‌ವೈಸರ್.
ಸೋರುವ ಪೌಚನ್ನು ಹೆಬ್ಬೆರಳಲ್ಲೇ ಹಿಡಿಯುತ್ತಾಳೆ.
ಮೀನಖಂಡದ ನರ ಮಾತ್ರ
ದಾರ ಬಡಿದ ನೀಲಿ ಗೆರೆ,
ಡೊಂಕು ಬಿದ್ದದ್ದು.

ದಾವಣಗೆರೆಯಿಂದ ನಾದಿನಿ ಹಾಲಮ್ಮ ಬಂದಿದ್ದಳು.
"ಎರಡು ರೂಪಾಯಿ ಜಾಸ್ತಿ ಆದ್ರೂ ನಿಮ್ಮ ಎಣ್ಣೆನೇ ಕಣಕ್ಕ.
ಪ್ಯಾಕೆಟ್ ಮೇಲೇ ಹಾಕ್ಯಾರಲ್ಲ,
ಒಂದ್ ಲೀಟರ್ ತಗಂಡ್ರೆ ಒಂದ್ ಮಗೀಗೆ ಕೂರಾಕೆ ಜಾಗ ಅಂತ.
ಮಿರ್ಚಿ ಕರಿಯೋವಾಗ ಮನಸಿಗೂ ಹಗುರ."
ಗಾದ್ರಮ್ಮ ನಕ್ಕಳು.
ಗೋಡೆಗೆ ಒರಗಿ, ಅದೇ ಎಣ್ಣೆ ಬಿಸಿ ಮಾಡಿ
ಕಾಲಿಗೆ ತಿಕ್ಕುತ್ತಾ ನಕ್ಕಳು.
"ಆ ಪ್ಯಾಕೆಟ್ ಅಂಟಿಸೋ ಮಿಷನ್ ನಂದೇ ಕಣೆ" ಅಂದಳು.
ಹಾಲಮ್ಮನಿಗೆ ಹೆಮ್ಮೆಯೋ ಹೆಮ್ಮೆ.

ಎಣಿಸಿದರೆ ಬೆಂಚು ನಲವತ್ತೊಂದಿತ್ತು.
ಒಂದರ ಕಾಲು ಸೀಳಿತ್ತು.
ಫೋಟೋದಲ್ಲಿ ಓರೆ ಕಾಣ್ತೈತೆ, ಒಲೆಗೆ ಹಾಕ್ಕೋ ಅಂದರು.
ಬೆನ್ನಿನ ಹಲಗೆಯಿಂದಲೇ ಪಟ್ಟಿ ಸೀಳಿ ಕಾಲಿಗೆ ಹೊಡೆದೆ,
ಲಗೇಜ್ ಆಟೋದಲ್ಲಿ ತಂದು
ಪ್ಯಾಕಿಂಗ್ ಶೆಡ್ಡಿನ ಹಿಂಬಾಗಿಲಿಗೆ ಇಳಿಸಿದೆ.

ಹನ್ನೆರಡು ಹೆಂಗಸರು, ಸರತಿ ಅವರೇ ಮಾಡಿಕೊಂಡರು.
ಪಾಲಕ್ಕ ಕೂತಳು, ಮೆಹರೂನ್ ಕೂತಳು,
ಎಂಟು ತಿಂಗಳ ಬಸುರಿ ಚೌಡಮ್ಮ
ಎರಡು ಸಲ ಕೂತಳು, ಯಾರೂ ಏನೂ ಅನ್ನಲಿಲ್ಲ.
ನಾಲ್ಕು ದಿನ.

ಐದನೇ ದಿನ ಆಫೀಸಿನಿಂದ ಫೋನು.
ಆ ಬೆಂಚು ಯಾರದ್ದು? ದಾಖಲೆಯಲ್ಲಿಲ್ಲ,
ಬೆನ್ನ ಮೇಲೆ ಹೆಸರೂ ಇಲ್ಲ.
ಬಂದು ಬರೆದುಕೊಡು, ಇಲ್ಲವಾದರೆ ಎತ್ತಿಕೊಂಡು ಹೋಗು.

ಕುಂಚ ನೆನೆಹಾಕಿದ್ದೇನೆ ಟರ್ಪೆಂಟೈನಿನಲ್ಲಿ.
ಹೆಸರು ಗೊತ್ತು, ಅಳತೆ ಗೊತ್ತು.
ಆದರೆ ಪಟ್ಟಿ ಸೀಳಿದ ಬೆನ್ನಲ್ಲಿ
ಉಳಿದಿರುವುದು ಒಂದೇ ಸಾಲಿನ ಜಾಗ.
ಹೆಸರು ಬರೆದರೆ ಹೊಣೆ ಹಿಡಿಸದು,
ಹೊಣೆ ಬರೆದರೆ ಹೆಸರು.

ಗಾದ್ರಮ್ಮನನ್ನು ಕೇಳಿದೆ.
"ಯಾವುದಾದ್ರೂ ಬರಿ" ಅಂದಳು,
"ಬೇಗ ಒಣಗೋ ಬಣ್ಣದಾಗೆ ಬರಿ.
ಹಸಿ ಇದ್ರೆ ಒರಗಾಕಾಗಲ್ಲ."